ಭಾವನೂ ಇಟಲಿಯ ಕೆಂಪು ವೈನೂ

ನಮ್ಮ ಭಾವ ಲಾಂಡ್ರಿ ನಡೆಸುತ್ತಾರೆ. ಬೀದಿಯವರೆಲ್ಲ ಅವರನ್ನು ಡಾಕ್ಟ್ರು ಅನ್ನುತ್ತಾರೆ. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ತಮಾಷೆ. ಭಾವ ಮಾತ್ರ ಪೂರ್ತಿ ಮರ್ಯಾದೆ ಅಂತಲೇ ತಿಳಿದು ಎದೆ ಉಬ್ಬಿಸುತ್ತಾರೆ. ಯಾರಾದರೂ ಕಲೆಯಾದ ಬಟ್ಟೆ ತಂದರೆ ಅವರು ಮೊದಲು ಬಟ್ಟೆ ನೋಡುವುದಿಲ್ಲ, ತಂದವರ ಮುಖ ನೋಡುತ್ತಾರೆ. "ಏನು ಬಿತ್ತು? ಯಾವಾಗ ಬಿತ್ತು? ನೀವೇನು ಹಚ್ಚಿದ್ರಿ?" ಇಷ್ಟಕ್ಕೆ ಉತ್ತರ ಬಾರದೆ ಕೌಂಟರಿನಲ್ಲಿ ಕೂತ ನಾನು ರಸೀದಿ ಹರಿಯುವ ಹಾಗಿಲ್ಲ. ಬಿಸಿನೀರು ಹಾಕಿ ಉಜ್ಜಿದೆ ಅಂತ ಯಾರಾದರೂ ಬಾಯಿಬಿಟ್ಟರೋ, ಅವರಿಗೆ ಅಲ್ಲೇ ಮಂಗಳಾರತಿ.

ಒಮ್ಮೆ ಸೂಟು ಹಾಕಿಕೊಂಡಿದ್ದ ಒಬ್ಬರು ಬಿಳಿ ಶರ್ಟು ತಂದು, ಕಾಲರಿನ ಹಿಂಭಾಗದ ಕೆಂಪು ಗುರುತು ತೋರಿಸಿ, ಟೊಮೆಟೊ ಸಾಸು ಅಂದರು. ಭಾವ ಕನ್ನಡಕದ ಮೇಲಿನಿಂದ ಅವರನ್ನೇ ನೋಡಿ, "ಸಾಸು ಕತ್ತಿನ ಹಿಂದೆ ಬೀಳಲ್ಲ ಸಾರ್. ನಿಜ ಹೇಳಿಬಿಡಿ, ಅದರ ಔಷಧಿ ಬೇರೆ" ಅಂದರು. ಆ ಮನುಷ್ಯ ಕೌಂಟರಿನ ಮೇಲೆ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಶರ್ಟು ಬೆಳ್ಳಗಾಗಿ ಮನೆಗೆ ಹೋಯಿತು. ಗುಟ್ಟು ಮಾತ್ರ ಭಾವನ ಹೊಟ್ಟೆಯಲ್ಲೇ ಉಳಿಯಿತು. ನಾನು ಎಷ್ಟು ಪೀಡಿಸಿದರೂ ಹೊರಗೆ ಬರಲಿಲ್ಲ.

ನಾನು ಅವರ ಹೆಂಡತಿಯ ತಂಗಿ. ಮೊದಲು ಕೌಂಟರಿನಲ್ಲಿ ಅಕ್ಕ ಕೂರುತ್ತಿದ್ದಳು. ಅಕ್ಕ ತೀರಿಕೊಂಡ ಮೇಲೆ ಅಂಗಡಿ ಬಹಳ ದಿನ ಮುಚ್ಚಿಯೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ನಾನೇ ಹೋಗಿ ಶಟರ್ ಎತ್ತಿ ಅವಳ ಕುರ್ಚಿಯಲ್ಲಿ ಕೂತೆ. ಭಾವ ಒಳಗಿನಿಂದ ಬಂದು ನೋಡಿದರು, ಹೋಗಿ ಬಾಯ್ಲರ್ ಹಚ್ಚಿದರು. ಅವತ್ತಿನಿಂದ ಹಾಗೇ ನಡೆದುಕೊಂಡು ಬಂದಿದೆ. ಭಾವನ ರಾತ್ರಿ ಊಟ ನಮ್ಮ ಮನೆಯಲ್ಲಿ, ನಿದ್ದೆ ಅಂಗಡಿಯ ಹಿಂದಿನ ತಮ್ಮ ಮನೆಯಲ್ಲಿ. ಮಕ್ಕಳಿಲ್ಲ. ಗಿರಾಕಿಗಳನ್ನು ಬೈಯುವುದು ಬಿಟ್ಟರೆ ಬೇರೆ ಮಾತೂ ಕಡಿಮೆ. ಅಕ್ಕನ ಹೆಸರೆತ್ತಿದರೆ ಇಸ್ತ್ರಿ ಪೆಟ್ಟಿಗೆಯಿಂದ ಬೇಕೆಂದೇ ಹಬೆ ಜಾಸ್ತಿ ಬಿಡುತ್ತಾರೆ, ಮುಖ ಕಾಣಬಾರದು ಅಂತ.

ವೈನನ್ನು ಅವರು ಜನ್ಮದಲ್ಲಿ ಬಾಯಿಗೆ ಬಿಟ್ಟುಕೊಂಡವರಲ್ಲ. ಆದರೆ ಪೊಲೀಸರಿಗೆ ಕಳ್ಳರ ಪರಿಚಯ ಇರುವಂತೆ ಅವರಿಗೆ ಕೆಂಪು ವೈನಿನ ಪರಿಚಯ ಇತ್ತು. ಎದುರಿನ ಹೋಟೆಲಿನ ಮೇಜುಬಟ್ಟೆಗಳು ವಾರಕ್ಕೊಮ್ಮೆ ಮೂಟೆ ಕಟ್ಟಿ ಬರುತ್ತಿದ್ದವು. ಭಾವ ಅವನ್ನು ಹರಡಿಕೊಂಡು, ಒಂದೊಂದೇ ಕಲೆಯ ಮೇಲೆ ತಣ್ಣೀರು ಬಿಟ್ಟು, ಬಟ್ಟೆಯ ಉಂಡೆಯಿಂದ ಒತ್ತುತ್ತಾ, "ಹಣ್ಣಿನ ರಸ ಅಂತ ಹೇಳ್ಕೊಂಡು ಓಡಾಡುತ್ತೆ, ಒಳಗೆ ನೋಡಿದ್ರೆ ಪೂರ್ತಿ ಬಣ್ಣದಂಗಡಿ" ಎಂದು ಗೊಣಗುತ್ತಿದ್ದರು. ದುಡ್ಡು ಕೊಟ್ಟು ಇದನ್ನು ಕುಡಿಯುವವರೂ ಇದ್ದಾರಲ್ಲ ಎನ್ನುವುದು ಅವರಿಗೆ ತೀರದ ಆಶ್ಚರ್ಯವಾಗಿತ್ತು.

ಇಂಥವರ ಮುಂದೆ ಒಂದು ಸೋಮವಾರ ಕನ್ನಡಕದಂಗಡಿಯ ಮೇಡಂ ಬಿಳಿ ಮೇಜುಬಟ್ಟೆಯೊಂದನ್ನು ಮಡಚಿ ಹಿಡಿದುಕೊಂಡು ಬಂದು ನಿಂತರು.

"ಏನು ಬಿತ್ತು?" ಭಾವ ಶುರು ಮಾಡಿದರು.

"ವೈನ್. ಇಟಲಿಯದು."

"ದೇಶ ಯಾವುದಾದ್ರೇನು, ಬಣ್ಣ ಹೇಳಿ."

"ಕೆಂಪು."

"ಯಾವಾಗ?"

"ನಿನ್ನೆ ಸಂಜೆ."

"ನೀವೇನು ಹಚ್ಚಿದ್ರಿ?"

"ಏನೂ ಹಚ್ಚಲಿಲ್ಲ. ನೀವಿದ್ದೀರಲ್ಲ ಅಂತ ಹಾಗೇ ತಂದೆ."

ಈ ಉತ್ತರ ಭಾವನಿಗೆ ಎಷ್ಟು ಹಿಡಿಸಿತೆಂದರೆ, ಆ ದಿನವೆಲ್ಲ ಬಂದ ಗಿರಾಕಿಗಳಿಗೆ ಮೇಡಂ ಅವರದೇ ಉದಾಹರಣೆ. "ಓದಿದವರು ಅಂದ್ರೆ ಹಾಗಿರಬೇಕು. ಕೈ ಹಚ್ಚಲಿಲ್ಲ. ಹಾಗೇ ತಂದ್ರು."

ಮೇಡಂ ಅವರ ಅಂಗಡಿ ಬೀದಿಯ ಮೂಲೆಯಲ್ಲಿದೆ, ಮನೆ ಅದರ ಮೇಲೆ. ಮದುವೆಯಾಗಿಲ್ಲ. ಅವರ ಅಣ್ಣ ಸರಕು ಹಡಗಿನಲ್ಲಿ ಅಡುಗೆಯವರು. ರಜೆಗೆ ಬಂದಾಗಲೆಲ್ಲ ತಂಗಿಗೆ ಇಟಲಿಯ ವೈನ್ ಬಾಟಲಿಗಳನ್ನು ತಂದುಕೊಡುತ್ತಾರೆ. ಭಾನುವಾರ ಸಂಜೆ ಕಿಟಕಿಯ ಹತ್ತಿರ ಕೂತು ಅದರಲ್ಲೊಂದು ಗ್ಲಾಸು ಕುಡಿಯುವುದು ಮೇಡಂ ಅವರ ಅಭ್ಯಾಸ. ಇದ್ಯಾವುದನ್ನೂ ನಾನು ಕೆದಕಿ ಕೇಳಲಿಲ್ಲ. ಭಾವನ ವಿಚಾರಣೆಯಲ್ಲಿ ತಾನಾಗಿಯೇ ಹೊರಗೆ ಬಂತು, ಯಾಕೆಂದರೆ ಆ ಮೇಜುಬಟ್ಟೆ ಮತ್ತೆ ಬಂತು. ಮತ್ತೂ ಬಂತು. ಅದರ ಜೊತೆಯ ಇನ್ನೊಂದೂ ಬಂತು. ಪ್ರತಿ ಸಲವೂ ಸೋಮವಾರ, ಪ್ರತಿ ಸಲವೂ ಕೆಂಪು.

ಮಾತು ಬೆಳೆಯಿತು. ಆ ವೈನಿನ ಹೆಸರು ಬರೋಲೊ, ಅದರ ದ್ರಾಕ್ಷಿ ಗುಡ್ಡದ ಇಳಿಜಾರಿನಲ್ಲಿ ಬೆಳೆಯುತ್ತದೆ, ಕೊಯ್ಲಿನ ಹೊತ್ತಿಗೆ ಅಲ್ಲೆಲ್ಲ ಮಂಜು ಕವಿದಿರುತ್ತದೆ, ಮಾಡಿದ ತಕ್ಷಣ ಕುಡಿಯುವ ಹಾಗಿಲ್ಲ, ವರ್ಷಗಟ್ಟಲೆ ಕಾಯಬೇಕು. ಹೋಟೆಲಿನ ಮ್ಯಾನೇಜರಿಗೆ ಎರಡು ಮಾತಿಗಿಂತ ಹೆಚ್ಚು ಕೊಡದ ಭಾವ ಇದನ್ನೆಲ್ಲ ಬಾಯಿ ತೆರೆದು ಕೇಳುತ್ತಿದ್ದರು. "ಅಲ್ಲಾ, ಮಂಜಲ್ಲಿ ಬಟ್ಟೆ ಒಣಗಲ್ವಲ್ಲ, ಅಲ್ಲಿಯವರು ಏನ್ಮಾಡ್ತಾರೆ?" ಎಂದು ಕೇಳಿದರು ಒಮ್ಮೆ. ಮೇಡಂ ನಗಲಿಲ್ಲ, ಅಣ್ಣನನ್ನು ಕೇಳಿ ಹೇಳುತ್ತೇನೆ ಅಂದರು. ಅಲ್ಲಿಂದ ಮುಂದೆ ಪ್ರತಿ ಸೋಮವಾರ ಭಾವ ಬೆಳಿಗ್ಗೆಯೇ ತಲೆ ಬಾಚಿಕೊಳ್ಳತೊಡಗಿದರು. ಮಿಕ್ಕ ದಿನ ಅವರ ತಲೆ ಬಾಯ್ಲರಿನ ಹಬೆ ಹೇಗೆ ಬಿಟ್ಟರೆ ಹಾಗೆ.

ಅಷ್ಟರಲ್ಲಿ ನನ್ನ ಕನ್ನಡಕದ ಕಾಲು ಸಡಿಲವಾಯಿತು. ಮೇಡಂ ಅಂಗಡಿಗೆ ಹೋದೆ. ಅವರು ಎಳ್ಳುಕಾಳಿಗಿಂತ ಚಿಕ್ಕದೊಂದು ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು, ನನ್ನ ಜೊತೆ ಮಾತಾಡುತ್ತಲೇ, ಒಂದೇ ಏಟಿಗೆ ಅದರ ತೂತಿನೊಳಗೆ ಕೂರಿಸಿದರು. ಕೈ ಒಂದು ಚೂರೂ ಅಲುಗಲಿಲ್ಲ. ವಾಪಸು ಬರುವ ದಾರಿಯುದ್ದಕ್ಕೂ ನನಗೆ ಒಳಗೊಳಗೇ ನಗು.

"ಭಾವ, ಅಂಥಾ ಸ್ಕ್ರೂ ಕೂರಿಸೋ ಕೈ, ವೈನ್ ಗ್ಲಾಸು ಹಿಡಿದ ಕೂಡ್ಲೇ ನಡುಗುತ್ತಾ?" ಎಂದು ಕೇಳಿದೆ.

ಭಾವ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟರು. ಇನ್ನೂ ತೊಳೆಯದ ಮೇಜುಬಟ್ಟೆಯನ್ನು ಬುಟ್ಟಿಯಿಂದ ತೆಗೆದು ನನ್ನ ಮುಂದೆ ಹರಡಿದರು. "ಗ್ಲಾಸು ಉರುಳಿದ್ರೆ ಕಲೆಗೆ ಒಂದು ಬಾಲ ಬರುತ್ತೆ. ಕೈ ತಪ್ಪಿದ್ರೆ ಸುತ್ತ ಹನಿ ಹಾರಿರುತ್ತೆ. ಇದು ನೋಡು, ದುಂಡಗಿದೆ. ಮೇಲಿಂದ ನಿಧಾನಕ್ಕೆ ಸುರಿದಿದ್ದು."

"ಅಂದ್ರೆ ನಿಮಗೆ ಗೊತ್ತಿತ್ತು."

"ಎರಡನೇ ಸಲದಿಂದ್ಲೇ ಗೊತ್ತಿತ್ತು."

"ಮತ್ತೆ ಸುಮ್ನಿದ್ರಿ?"

"ಕಲೆ ತಂದ್ರೆ ತೆಗೆಯೋದು ನನ್ನ ಕೆಲಸ. ಯಾಕೆ ತಂದ್ರಿ ಅಂತ ಕೇಳೋದಲ್ಲ."

ಊರನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ಮನುಷ್ಯ ಹೀಗೆನ್ನುತ್ತಿದ್ದರು. ಅವರ ಕಿವಿಗಳು ಕೆಂಪಾಗಿದ್ದವು. ಅವತ್ತಿನಿಂದ ನಾನು ಅವರನ್ನು ಬಿಟ್ಟರೆ ಕೇಳಿ. ಸೋಮವಾರ ಬಂತೆಂದರೆ, "ಭಾವ, ಇವತ್ತು ಯಾವ ಶರ್ಟು?" ಅನ್ನುವುದು. ಮೇಡಂ ಬರುವುದು ತಡವಾದರೆ, "ಪಾಪ, ಇನ್ನೂ ಸುರೀತಿದಾರೇನೋ" ಅನ್ನುವುದು. ನನಗೆ ತಮಾಷೆಯ ಜೊತೆಗೆ ಆಸೆಯೂ ಇತ್ತು. ಒಂಟಿಯಾಗಿ ಆ ಹಿಂದಿನ ಮನೆಯಲ್ಲಿ ಇವರು ಹೀಗೇ ಒಣಗಿಹೋಗುತ್ತಾರೆ ಎಂಬ ಹೆದರಿಕೆ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಇಬ್ಬರಲ್ಲಿ ಒಬ್ಬರು ಬಾಯಿಬಿಡಬೇಕು. ಇಲ್ಲದಿದ್ದರೆ ಆ ಮೇಜುಬಟ್ಟೆ ಸವೆದು ಹರಿಯುತ್ತದೆಯೇ ಹೊರತು ಮಾತು ಮುಂದಕ್ಕೆ ಹೋಗುವುದಿಲ್ಲ.

ಬಾಯಿಬಿಟ್ಟವರು ಮೇಡಂ. "ಡಾಕ್ಟ್ರೇ, ಈ ವೈನು ನಿಮಗೆ ಬಿದ್ದಮೇಲೆ ಮಾತ್ರ ಪರಿಚಯ. ಒಂದ್ಸಲ ಗ್ಲಾಸಲ್ಲಿರೋವಾಗ್ಲೂ ನೋಡಿ. ಈ ಭಾನುವಾರ ಸಂಜೆ ಮನೆಗೆ ಬನ್ನಿ."

ಭಾವ ನನ್ನ ಕಡೆ ನೋಡಿದರು. ನಾನು ತಿರುಗುವ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ಬರ್ತೀವಿ" ಅಂದರು ಭಾವ. "ನನ್ನ ನಾದಿನೀನೂ ಬರ್ತಾಳೆ."

ನನಗೆ ಕುರ್ಚಿಯಿಂದ ಬೀಳುವುದೊಂದು ಬಾಕಿ. ತಲೆ ನರೆತ ಮನುಷ್ಯ ಕಾವಲಿಗೆ ನಾದಿನಿಯನ್ನು ಕರೆದುಕೊಂಡು ಹೋಗುತ್ತಾರಂತೆ. ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿದವರೇ ಷಡ್ಡಕನಿಗೆ ತರಬೇತಿ ಕೊಡಲು ಟೊಂಕ ಕಟ್ಟಿದರು. ಶಾಲೆಯ ಬಸ್ಸು ಓಡಿಸುವ ಇವರಿಗೂ ವೈನಿಗೂ ಯಾವ ಸಂಬಂಧವೂ ಇಲ್ಲ. ಆದರೆ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯದ ವಿದ್ಯೆ ಯಾವುದಿದೆ?

"ಅಣ್ಣಾ, ಮೊದ್ಲು ಬಣ್ಣ ನೋಡ್ಬೇಕು. ಆಮೇಲೆ ಗ್ಲಾಸು ತಿರುಗಿಸ್ಬೇಕು. ಹೀಗೆ" ಎಂದು ಯಜಮಾನರು ದಾಳಿಂಬೆ ರಸ ತುಂಬಿದ ಗ್ಲಾಸನ್ನು ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಹಾಗೆ ತಿರುಗಿಸಿದರು. ರಸ ಅಡುಗೆಮನೆಯ ಗೋಡೆಗೆ ಹಾರಿತು. ಭಾವ ತಟ್ಟನೆ ಎದ್ದು ಒದ್ದೆ ಬಟ್ಟೆ ತಂದು ಗೋಡೆ ಒತ್ತಲು ಶುರು ಮಾಡಿದರು. ಪಾಠ ಅಲ್ಲಿಗೆ ಸ್ವಲ್ಪ ಹೊತ್ತು ನಿಂತಿತು.

"ಮೂಗು ಗ್ಲಾಸಿನೊಳಗೆ ಇಟ್ಟು ಉಸಿರೆಳೀಬೇಕು. ಕೊನೆಗೆ ಒಂದು ಗುಟುಕು. ಬಾಯಲ್ಲೆಲ್ಲ ಆಡಿಸಿ ಉಗೀಬೇಕು."

"ಉಗೀಬೇಕಾ?" ಭಾವನಿಗೆ ಗಾಬರಿ.

"ತಿಳಿದವರೆಲ್ಲ ಉಗೀತಾರೆ. ಕುಡಿಯೋರು ನಮ್ಮಂಥವರು."

ಭಾನುವಾರ ಸಂಜೆ ಭಾವ ಬಂದ ಠೀವಿ ನೋಡಬೇಕಿತ್ತು. ಶರ್ಟಿನ ತೋಳಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಜೇಬಿನಲ್ಲಿ ಒಂದು ಪೊಟ್ಟಣ, ಏನೆಂದು ಕೇಳಿದರೆ, "ಉಪ್ಪು. ವೈನು ಬಿದ್ರೆ ಹೀರ್ಕೊಳ್ಳುತ್ತೆ, ಇರ್ಲಿ ಅಂತ." ಕೈಯಲ್ಲಿ ಒಂದು ಚೀಲ. ಅದರಲ್ಲೇನಿದೆ ಎಂದು ಅವರು ಹೇಳಲಿಲ್ಲ, ಸಿಹಿ ತಿಂಡಿ ಇರಬೇಕೆಂದು ನಾನೂ ಕೇಳಲಿಲ್ಲ.

ಮೇಡಂ ಅವರ ಮನೆ ಚಿಕ್ಕದು, ಅಚ್ಚುಕಟ್ಟು. ಕಿಟಕಿಯ ಬಳಿ ಮೇಜು, ಅದರ ಮೇಲೆ ಆ ಬಿಳಿ ಬಟ್ಟೆ. ಭಾವ ಕೂರುವ ಮೊದಲೇ ಬಗ್ಗಿ ಅದರ ಅಂಚು ಮುಟ್ಟಿ ನೋಡಿ, ಬೆಳಕಿಗೆ ಓರೆಯಾಗಿ ಕಣ್ಣು ಹಾಯಿಸಿ, ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಕೂತರು. ಬ್ರೆಡ್ಡು, ಚೀಸು, ಹುರಿದ ತರಕಾರಿ ಬಂತು. ಬಾಟಲಿ ಆಗಲೇ ತೆರೆದಿತ್ತು.

"ಮಧ್ಯಾಹ್ನವೇ ಬಿರಡೆ ತೆಗೆದಿಟ್ಟೆ. ಇದಕ್ಕೆ ಗಾಳಿಯಾಡ್ಬೇಕು" ಅಂದರು ಮೇಡಂ.

"ಉಣ್ಣೆಗೂ ಹಾಗೇ" ಅಂದರು ಭಾವ.

ನಾನು ನೀರು ಸಾಕು ಅಂದೆ. ಭಾವನ ಗ್ಲಾಸಿಗೆ ವೈನ್ ಬಿದ್ದದ್ದೇ ತಡ, ಅವರು ಚೀಲಕ್ಕೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಮಗ್ ತೆಗೆದು ಗ್ಲಾಸಿನ ಪಕ್ಕ ಇಟ್ಟರು. ಅಂಗಡಿಯಲ್ಲಿ ಗಂಜಿ ಕಲಸುವ ನೀಲಿ ಮಗ್. ಉಜ್ಜಿ ಉಜ್ಜಿ ಅದೂ ಹೊಳೆಯುತ್ತಿತ್ತು.

"ಇದು ಯಾಕೆ ಡಾಕ್ಟ್ರೇ?"

"ಉಗಿಯೋದಕ್ಕೆ" ಅಂದರು ಭಾವ, ಬಹಳ ವಿನಯದಿಂದ.

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಮೇಡಂ ಮಗ್ ನೋಡಿದರು, ಭಾವನನ್ನು ನೋಡಿದರು, ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಮ್ಮಣ್ಣ ಸಮುದ್ರ ದಾಟಿ ತಂದಿದ್ದು. ಉಗಿದ್ರೆ ನಾನು ನಿಮಗೆ ಬಾಗಿಲು ತೋರಿಸ್ತೀನಿ." ಮಗ್ ಮೇಜಿನ ಕೆಳಗೆ ಇಳಿಯಿತು. ನಮ್ಮ ಯಜಮಾನರಿಗೆ ಮನೆಯಲ್ಲಿ ಏನು ಕಾದಿದೆ ಎಂದು ನಾನು ಅಲ್ಲೇ ಲೆಕ್ಕ ಹಾಕಿಕೊಂಡೆ.

ಭಾವ ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರು. "ನೋಡೋಕೆ ತೆಳು ಬಣ್ಣ. ಅಂಚಲ್ಲಿ ಇಟ್ಟಿಗೆ ಬಣ್ಣ ಬಂದಿದೆ. ಹಳೇದು."

"ಹೌದು, ವೈನು ಬಲ್ಲವರೂ ಹೀಗೇ ನೋಡ್ತಾರೆ" ಅಂದರು ಮೇಡಂ. "ವಾಸನೆ ನೋಡಿ. ಗುಲಾಬಿ, ಡಾಂಬರು ಎರಡೂ ಬರುತ್ತೆ ಅಂತಾರೆ."

ಭಾವ ಮೂಗು ಇಳಿಸಿದರು. ಬಹಳ ಹೊತ್ತು ಅಲ್ಲೇ ಇದ್ದರು. "ಗುಲಾಬಿ ಇರಬಹುದು. ಡಾಂಬರು ಸಿಗಲಿಲ್ಲ. ಸಿಕ್ಕಿದ್ರೆ ಸೀಮೆಎಣ್ಣೆ ಹಾಕಿ ತೆಗೀಬಹುದು." ಆಮೇಲೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಅವರ ಮುಖ ನಾಲ್ಕೂ ಕಡೆಯಿಂದ ಒಟ್ಟಿಗೆ ಸುಕ್ಕಾಯಿತು.

"ಹೇಗಿದೆ?"

"ಒಗರು. ಹಲ್ಲಿಗೆಲ್ಲ ಗಂಜಿ ಹಾಕಿದ ಹಾಗಿದೆ."

"ಒಂದು ಚೂರು ಚೀಸು ತಿಂದು ಮತ್ತೆ ಕುಡೀರಿ."

ಭಾವ ಹೇಳಿದ ಹಾಗೆ ಕೇಳಿದರು. ಎರಡನೆಯ ಗುಟುಕಿಗೆ ಸುಕ್ಕು ಬಿಟ್ಟಿತು. ಮೂರನೆಯದನ್ನು ಬಾಯಲ್ಲಿ ಇಟ್ಟುಕೊಂಡೇ ಕಿಟಕಿಯ ಆಚೆ ನೋಡುತ್ತಾ ಕೂತರು. ಬೀದಿಯಲ್ಲಿ ಬಿಸಿಲು ಇಳಿಯುತ್ತಿತ್ತು. "ನುಂಗಿ ಎಷ್ಟೋ ಹೊತ್ತಾದ್ಮೇಲೂ ರುಚಿ ಹೋಗಿಲ್ಲ" ಅಂದರು. "ಇದನ್ನ ನಾನು ಇಷ್ಟು ವರ್ಷ ಬೈದೆನಲ್ಲ. ಬೈಸ್ಕೊಳ್ಳೋ ಅಂಥದ್ದಲ್ಲ ಇದು." ಕಲೆಯ ವಿಷಯ ಬಿಟ್ಟು ಅಷ್ಟು ಮಾತನ್ನು ಅವರು ಒಂದೇ ಸಲಕ್ಕೆ ಆಡಿದ್ದು ನಾನು ಕೇಳಿ ಬಹಳ ಕಾಲವಾಗಿತ್ತು.

ಮೇಡಂ ಮತ್ತೆ ಸುರಿಯುವಾಗ ಬಾಟಲಿಯ ಬಾಯಿಂದ ಒಂದು ಹನಿ ಜಾರಿ ಬಟ್ಟೆಯ ಮೇಲೆ ಬಿತ್ತು. ಭಾವನ ಕೈ ತಾನಾಗಿ ಜೇಬಿಗೆ ಹೋಯಿತು. ಮೇಡಂ ಆ ಕೈಯನ್ನು ಹಿಡಿದರು. "ಇರಲಿ ಬಿಡಿ. ನಾನೊಂದು ಮಾತು ಹೇಳ್ಬೇಕು. ಇಷ್ಟು ದಿನ ವೈನ್ ಕೈತಪ್ಪಿ ಚೆಲ್ಲಿದ್ದಲ್ಲ. ನಾನೇ ಸುರೀತಿದ್ದೆ."

"ಗೊತ್ತು" ಅಂದರು ಭಾವ. "ದುಂಡಗಿತ್ತು."

ಈಗ ಕೆಂಪಾದದ್ದು ಮೇಡಂ ಮುಖ. ಆದರೂ ಅವರು ಕೈ ಬಿಡಲಿಲ್ಲ. "ಹಾಗಾದ್ರೆ ನೇರ ಕೇಳ್ತೀನಿ. ಇನ್ಮೇಲೆ ಸುರಿಯಲ್ಲ. ಒಳ್ಳೇ ವೈನು, ಹೊಟ್ಟೆ ಉರಿಯುತ್ತೆ. ಬದಲಿಗೆ ನೀವೇ ಬನ್ನಿ. ಭಾನುವಾರಕ್ಕೆ ಮಾತ್ರ ಅಂತಲ್ಲ. ಮುಂದಿನ ದಿನಗಳನ್ನ ಜೊತೇಲಿ ಕಳೆಯೋಣ ಅಂತ ನನ್ನ ಮನಸ್ಸು. ನಿಮ್ಮ ಮನಸ್ಸೇನು ಹೇಳಿ."

ಭಾವ ಗ್ಲಾಸನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿದರು.

"ನಿನ್ನ ಕರ್ಕೊಂಡು ಬಂದಿದ್ದು ಹೆದರಿಕೆಗೆ ಅಂದ್ಕೊಂಡ್ಯಾ?"

"ಮತ್ತೆ?"

"ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಅವಳನ್ನ ಕೇಳೋ ಹಾಗಿಲ್ಲ. ನಿನ್ನನ್ನಾದ್ರೂ ಕೇಳ್ಬೇಕಲ್ಲ. ನೀನು ಬೇಡ ಅಂದ್ರೆ ಬೇಜಾರಿಲ್ಲ. ಇಲ್ಲಿಗೇ ಬಿಟ್ಟು ಎದ್ದು ಹೋಗೋಣ."

ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಹಿಡಿದಿದ್ದ ಕೈಯನ್ನು ಮೆತ್ತಗೆ ಬಿಟ್ಟು, ಅವರೂ ನನ್ನನ್ನೇ ನೋಡುತ್ತಾ ಕಾದರು.

ಇಷ್ಟು ದಿನ ಬಾಯಿಗೆ ಬಂದಂತೆ ಚುಡಾಯಿಸಿದವಳು ನಾನು. ಈಗ ಬೇಡ ಅನ್ನಬೇಕೆನಿಸಿತು. ಅಕ್ಕ ಇನ್ನೊಮ್ಮೆ ಹೋಗುತ್ತಾಳೆ, ಈ ಸಲ ನಾನೇ ಕಳಿಸಿಕೊಟ್ಟ ಹಾಗಾಗುತ್ತದೆ ಎನಿಸಿತು. ಭಾವನನ್ನು ನೋಡಿದೆ. ಅಷ್ಟು ಗರಿಗರಿಯಾದ ಶರ್ಟಿನೊಳಗೆ ಆ ಮನುಷ್ಯ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಕೂತಿದ್ದರು. ಅವರು ನಿಜವಾಗಿ ಎದ್ದು ಬಂದುಬಿಡುವವರೇ. ಬಂದು, ನಾಳೆ ಬೆಳಿಗ್ಗೆ ಎಂದಿನಂತೆ ಬಾಯ್ಲರ್ ಹಚ್ಚುವವರೇ.

"ಅಕ್ಕ ಇದ್ದಿದ್ರೆ ಇಷ್ಟೊತ್ತಿಗೆ ನಿಮ್ಮನ್ನ ಬೈದಿರೋಳು" ಅಂದೆ.

"ಏನಂತ?" ಭಾವನ ದನಿ ಇಳಿದಿತ್ತು.

"ಮಧ್ಯಾಹ್ನದಿಂದ ಬಾಟ್ಲಿ ತೆಗೆದಿಟ್ಟು ಕಾಯ್ತಿದಾರೆ, ಈ ಮನುಷ್ಯ ಇನ್ನೂ ನನ್ನ ತಂಗಿ ಮುಖ ನೋಡ್ಕೊಂಡು ಕೂತಿದಾನೆ ಅಂತ."

ಭಾವ ನಗಲು ಹೋದರು, ಅಳು ಬಂತು. ಮುಚ್ಚಿಕೊಳ್ಳಲಿಲ್ಲ. ಮೇಡಂ ಕೊಟ್ಟ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, ಗ್ಲಾಸು ಎತ್ತಿ, ಒಂದು ಹನಿ ಬಿಡದೆ ಕುಡಿದು ಇಟ್ಟರು.

"ದಿನಾ ಬರ್ತೀನಿ ಮೇಡಂ" ಅಂದರು.

"ಇನ್ನೂ ಮೇಡಂ ಅಂತೀರಾ?"

"ಅಭ್ಯಾಸ ಆಗ್ಲಿ. ಸ್ವಲ್ಪ ಟೈಮು ಕೊಡಿ."

ನಾನು ಎದ್ದೆ. ಯಜಮಾನರಿಗೆ ಊಟ ಬಡಿಸಬೇಕು ಅಂತ ನೆಪ ಹೇಳಿದೆ. ಮೇಡಂ ಇನ್ನೊಂದು ಘಳಿಗೆ ಕೂರಿ ಅಂದರು, ಇನ್ನೊಮ್ಮೆ ಖಂಡಿತ ಅಂದೆ. ಭಾವ ಮೆಟ್ಟಿಲಿನ ತನಕ ನನ್ನ ಹಿಂದೆ ಬಂದರು. ಚಪ್ಪಲಿಯನ್ನು ನನ್ನ ಕಾಲಿನ ಕಡೆ ಸರಿಸಿ, "ಒಬ್ಬಳೇ ಹೋಗ್ತೀಯಾ?" ಅಂದರು.

ಅಕ್ಕ ಹೋದಂದಿನಿಂದ ದಿನವೂ ಭಾವ ಊಟ ಮುಗಿಸಿ ನಮ್ಮ ಮನೆಯಿಂದ ಹೊರಡುವಾಗ ನಾನು ಅವರನ್ನು ಕೇಳುತ್ತಿದ್ದ ಮಾತು ಅದು. ಕೇಳಿ, ಬಾಗಿಲಲ್ಲಿ ನಿಂತು, ಅವರು ತಿರುವು ದಾಟುವ ತನಕ ನೋಡುತ್ತಿದ್ದೆ.

"ಹೋಗ್ತೀನಿ ಭಾವ. ನೀವು ಒಳಗೆ ಹೋಗಿ" ಅಂದೆ.

ಬೀದಿಗೆ ಇಳಿದ ಮೇಲೆ ಹಿಂದೆ ತಿರುಗಿ ನೋಡಿದೆ. ಅವರು ಇನ್ನೂ ಮೆಟ್ಟಿಲ ಮೇಲಿನ ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು. ನಾನು ತಿರುವಿನ ತನಕ ಅಳದೆ ನಡೆದೆ.